ಭಾನುವಾರದ ಬಿಸಿಲು

ಕಾಲುವೆಯ ಹನ್ನೊಂದನೇ ತೂಬಿನ ಹತ್ತಿರದ ಹಳ್ಳಿ, ಅಲ್ಲಿನವರ ಬಾಯಲ್ಲಿ ಕ್ಯಾಂಪು, ಅದರ ಸರ್ಕಾರಿ ಪ್ರೌಢಶಾಲೆಯಲ್ಲಿ, ಒಂಬತ್ತನೇ ತರಗತಿಯ ತಾಯಮ್ಮ ಬಿಸಿಲನ್ನು ವಾರದ ಪ್ರಕಾರ ವಿಂಗಡಿಸಿ ತಂದ ದಿನ ಇಡೀ ತರಗತಿ ನಕ್ಕಿತು.

ಅಮರೇಶ ಮಾಸ್ತರ ಕೊಟ್ಟಿದ್ದ ಕೆಲಸ ಸರಳವಾಗಿತ್ತು. ಶಾಲೆಯ ಅಂಗಳದಲ್ಲಿರುವ ಬಿಳಿ ಪೆಟ್ಟಿಗೆಯೊಳಗಿನ ಯಂತ್ರ ಕಳೆದ ಆರು ವರ್ಷ, ಫೆಬ್ರುವರಿ ಒಂದರಿಂದ ಏಪ್ರಿಲ್ ಹತ್ತರವರೆಗೆ, ಪ್ರತಿ ಮಧ್ಯಾಹ್ನ ಹನ್ನೆರಡಕ್ಕೆ ಅಳೆದಿಟ್ಟ ತಾಪದ ಅಂಕಿಗಳನ್ನು ಅವನು ಮಕ್ಕಳಿಗೆ ಹಂಚಿದ್ದ. ನಾನೂರಕ್ಕಿಂತ ಸ್ವಲ್ಪ ಹೆಚ್ಚು. ನಿಮಗೆ ಬೇಕಾದ ಹಾಗೆ ಗುಂಪು ಮಾಡಿ, ಏನು ಕಾಣುತ್ತದೆ ಹೇಳಿ ಎಂದಿದ್ದ. ‘ದತ್ತಾಂಶ ಓದು’ ಎಂಬ ಆ ಪಾಠಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಧ್ರುವದ ಮಂಜುಗಡ್ಡೆಯ ನಕ್ಷೆ ಇತ್ತು. ಈ ಮಕ್ಕಳು ಮಂಜುಗಡ್ಡೆ ಕಂಡಿದ್ದು ಐಸ್‌ಕ್ಯಾಂಡಿಯವನ ಡಬ್ಬಿಯಲ್ಲಿ ಮಾತ್ರ. ತಮ್ಮ ತಲೆಯ ಮೇಲೆ ಬಿದ್ದ ಬಿಸಿಲನ್ನು ಮೊದಲು ಓದಲಿ, ಧ್ರುವ ಆಮೇಲೆ ನೋಡಿದರಾಯಿತು ಎಂದು ಅವನು ಆ ಪುಟ ಮಗುಚಿದ್ದ.

ಕೆಲವರು ವರ್ಷವಾರು ಮಾಡಿದ್ದರು, ಕೆಲವರು ತಿಂಗಳವಾರು. ಖಾಜಾಹುಸೇನ ಅಮಾವಾಸ್ಯೆ ಹುಣ್ಣಿಮೆ ನೋಡಿ ಮಾಡಿದ್ದ, ಏನೂ ಕಂಡಿರಲಿಲ್ಲ. ತಾಯಮ್ಮ ಏಳು ಗೆರೆ ಎಳೆದು ವಾರದ ಒಂದೊಂದು ದಿನಕ್ಕೆ ಒಂದೊಂದು ಸರಾಸರಿ ಬರೆದಿದ್ದಳು. ಸೋಮವಾರದಿಂದ ಶುಕ್ರವಾರದವರೆಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಶನಿವಾರ ತುಸು ಮೇಲೆ. ಭಾನುವಾರ ಎಲ್ಲಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚು.

“ಐತವಾರ ಸೂರ್ಯಂದ ವಾರ ಅಲ್ರಿ ಸರ್,” ಎಂದ ಖಾಜಾಹುಸೇನ. “ಉಳಿದ ದಿನ ಆಳು ಬರ್ತಾನ, ಅವತ್ತು ಮಾಲಕ ತಾನ ಬರ್ತಾನ.”

ಅಮರೇಶನೂ ನಕ್ಕ. ಕೂಡುವಾಗ ತಪ್ಪಾಗಿರಬೇಕು ಎಂದುಕೊಂಡು ಅವಳ ಹಾಳೆ ತೆಗೆದುಕೊಂಡ. ವಾರದ ಪ್ರಕಾರ ಯಾಕೆ ಮಾಡಿದೆ ಎಂದು ಕೇಳಿದ. ಅವಳು ಎದ್ದು ನಿಂತಳು.

“ನಮ್ಮವ್ವ ಹೇಳಿದ್ಳುರಿ. ಐತವಾರ ಗಂಟಿ ಬೇಗ ಹೊಡೀತೈತಿ ಅಂತ ಕಳೆ ತೆಗಿಯೋ ಹೆಣ್ಣಾಳಿಗೆಲ್ಲಾ ಗೊತ್ತೈತಂತ. ಸರ್ಕಾರದವ್ರು ಐತವಾರ ಒಂದೀಟು ದಯಾ ತೋರಿಸ್ತಾರ ಅಂತಾರ್ರಿ.”

ಈ ಸಲ ಯಾರೂ ನಗಲಿಲ್ಲ. ಅವಳ ಅವ್ವ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಬಿಸಿಲ ಗಂಟೆ ಬಂದು ಹದಿನಾಲ್ಕು ವರ್ಷವಾಗಿತ್ತು. ಒಂದು ಕೆಟ್ಟ ಬೇಸಿಗೆಯಲ್ಲಿ, ಕಾಲುವೆ ಸೀಮೆಯ ಭತ್ತದ ಗದ್ದೆಗಳಲ್ಲಿ ಬಗ್ಗಿ ದುಡಿಯುತ್ತಿದ್ದವರು ಬಗ್ಗಿದಲ್ಲೇ ಉರುಳಿದ ಮೇಲೆ ಬಂದ ಕಾನೂನು ಅದು. ಪ್ರತಿ ಕ್ಯಾಂಪಿಗೂ ಒಂದು ಕಂಬ, ಕಂಬದ ತುದಿಯಲ್ಲಿ ಧ್ವನಿಪೆಟ್ಟಿಗೆ. ತಾಪದ ಲೆಕ್ಕ ಶಾಲೆಯ ಬಿಳಿ ಪೆಟ್ಟಿಗೆಯಿಂದ, ಗಾಳಿಯ ತೇವದ ಲೆಕ್ಕ ಮೂರು ಮೈಲಿ ದೂರದ ಕಾಲುವೆ ಗೇಟಿನಿಂದ ರಾಯಚೂರಿನ ತಾಪಕೇಂದ್ರಕ್ಕೆ ಹೋಗುತ್ತಿತ್ತು. ಎರಡೂ ಸೇರಿ ಮನುಷ್ಯನ ಮೈ ತಡೆಯುವ ಮಿತಿ ದಾಟಿದ ಕ್ಷಣ ಗಂಟೆ ಹೊಡೆಯುತ್ತಿತ್ತು. ಆಮೇಲೆ ಸಂಜೆ ನಾಲ್ಕರವರೆಗೆ ಯಾರೂ ಯಾರನ್ನೂ ಬಯಲಲ್ಲಿ ದುಡಿಸುವಂತಿಲ್ಲ. ಗಂಟೆಯಿಂದ ಎಷ್ಟೋ ಜೀವ ಉಳಿದಿದ್ದವು, ಅದರಲ್ಲಿ ಸುಳ್ಳಿಲ್ಲ. ಜನ ಅದಕ್ಕೆ ಹೊಂದಿಕೊಂಡಿದ್ದರು. ಮದುವೆಯ ಊಟ, ಎಮ್ಮೆಗೆ ನೀರು ಕುಡಿಸುವುದು, ಬಾಣಂತಿಯ ಸ್ನಾನ ಎಲ್ಲ ಗಂಟೆಯ ಹಿಂದೆ ಮುಂದೆ. ನಿಧಾನವಾಗಿ ಇನ್ನೊಂದು ಸಂಗತಿಯೂ ನಡೆದಿತ್ತು. ಗದ್ದೆಯಲ್ಲಿ ತಲೆ ಸುತ್ತಿದವರು ಮೊದಲು ಕಂಬದ ಕಡೆ ನೋಡುತ್ತಿದ್ದರು. ಕಂಬ ಸುಮ್ಮನಿದ್ದರೆ ತಮ್ಮ ಮೈಯ ಮೇಲೆಯೇ ಅನುಮಾನ ಪಡುತ್ತಿದ್ದರು. ಗಂಟೆಗೆ ಮೊದಲು ಎದ್ದವಳಿಗೆ ಮೈಗಳ್ಳಿ ಎಂಬ ಹೆಸರು ಬರುತ್ತಿತ್ತು.

ಕಾಲುವೆಗೆ ನೀರು ತಡವಾಗಿ ಬರತೊಡಗಿದ ಮೇಲೆ ಬೇಸಿಗೆ ಬೆಳೆಯ ಕಳೆ ಕೆಲಸ ಏಪ್ರಿಲ್‌ವರೆಗೂ ಎಳೆಯುತ್ತಿತ್ತು. ಹಿಂದಿನ ವರ್ಷ ಏಪ್ರಿಲ್ ಆರು, ಮಂಗಳವಾರ, ಹನ್ನೆರಡೂ ಐದಕ್ಕೆ ತಾಯಮ್ಮನ ಅವ್ವ ಯಂಕಮ್ಮ ಗದ್ದೆಯಲ್ಲಿ ಮುಖ ಕೆಳಗಾಗಿ ಬಿದ್ದಳು. ಪಕ್ಕದವರು ಎಳೆದು ಒಡ್ಡಿನ ಮೇಲೆ ಹಾಕದಿದ್ದರೆ ಮೊಣಕಾಲುದ್ದದ ನೀರಿನಲ್ಲೇ ಮುಗಿದುಹೋಗುತ್ತಿದ್ದಳು. ಆಂಬ್ಯುಲೆನ್ಸಿಗೆ ಫೋನು ಹೋದ ಹೊತ್ತು ದಾಖಲಾಗಿತ್ತು. ಗಂಟೆ ಹೊಡೆದದ್ದು ಹನ್ನೆರಡೂ ಇಪ್ಪತ್ತೆರಡಕ್ಕೆ. ಹಾಗಾಗಿ ತಾಪಕೇಂದ್ರದ ವರದಿಯಲ್ಲಿ ಒಂದೇ ಸಾಲು ಬಂತು: ಘಟನೆಯ ವೇಳೆ ತಾಪ ಮಿತಿಯೊಳಗಿತ್ತು. ಬಿಸಿಲೇ ಇರಲಿಲ್ಲವೆಂದ ಮೇಲೆ ಉಳಿದದ್ದನ್ನು ಗುಂಪಿನ ಮೇಸ್ತ್ರಿ ದ್ಯಾವಪ್ಪ ಪೂರ್ತಿ ಮಾಡಿದ. ಉಣ್ಣದೆ ಬಂದಿದ್ದಳು, ಮೊದಲಿಂದಲೂ ಮೂರ್ಛೆ ಬರುವವಳು, ನೀರಲ್ಲಿ ನಿಲ್ಲುವ ಕೆಲಸಕ್ಕೆ ಇಂಥವರನ್ನು ಕರೆದರೆ ನಾಳೆ ಯಾರು ಹೊಣೆ ಎಂದ. ಅವತ್ತಿನಿಂದ ಯಾವ ಗುಂಪಿನವರೂ ಯಂಕಮ್ಮನ ಬಾಗಿಲಲ್ಲಿ ನಿಂತು ಕೆಲಸಕ್ಕೆ ಕೂಗಿರಲಿಲ್ಲ. ಅವಳು ಮನೆಯಲ್ಲಿ ಕೂತು ಯಾರದೋ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮೂರ್ಛೆಯ ಹೆಂಗಸು ಎಂಬ ಹೆಸರು ಅವಳಿಗೆ ಮಾತ್ರ ಅಂಟಿರಲಿಲ್ಲ, ನಾಳೆ ಮಗಳಿಗೂ ಅಂಟುವಂಥದು.

ಅಮರೇಶನ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಆಗ ಎಂಟನೇ ತರಗತಿಯಲ್ಲಿದ್ದ ತಾಯಮ್ಮ ಅವನ ಹತ್ತಿರ ಬಂದು, ಯಂತ್ರಕ್ಕೆ ತಪ್ಪಾಗಿರಬಹುದೇ ಎಂದು ಕೇಳಿದ್ದಳು. ಆ ಶಾಲೆ ಸಾಕ್ಷಿ ಶಾಲೆ. ಪ್ರತಿ ಬುಧವಾರ ಮಕ್ಕಳು ಪೆಟ್ಟಿಗೆಯ ಬಾಗಿಲು ತೆರೆದು ಗಾಜಿನ ತಾಪಮಾಪಕ ಓದಿ ಯಂತ್ರದ ಅಂಕಿಗೆ ತಾಳೆ ನೋಡಬೇಕು, ಮಾಸ್ತರ ಸಹಿ ಹಾಕಬೇಕು. ಅವನು ಆ ವಾರದ ಹಾಳೆ ತೆಗೆದು ತೋರಿಸಿದ್ದ. ಎರಡು ಅಳತೆಗೂ ಕೂದಲೆಳೆಯ ಅಂತರವಿರಲಿಲ್ಲ. ಎರಡು ಸಾಕ್ಷಿ ಒಂದೇ ಮಾತು ಹೇಳುವಾಗ, ಒಬ್ಬರ ಮೈಗೆ ಅನಿಸಿದ್ದನ್ನು ದತ್ತಾಂಶ ಎನ್ನಲಾಗದು ಎಂದು ಮೆಲ್ಲಗೆ ತಿಳಿಹೇಳಿದ್ದ. ಅವಳು ತಲೆಯಾಡಿಸಿ ಹೋಗಿ ಕೂತಿದ್ದಳು. ಅವಳು ಕೂತ ರೀತಿ ಅವನಿಗೆ ಇನ್ನೂ ನೆನಪಿತ್ತು.

ಸಂಜೆ ಅವನು ಸ್ಟಾಫ್‌ರೂಮಿನಲ್ಲಿ ಒಬ್ಬನೇ ಕೂತು ಎಲ್ಲ ಅಂಕಿಗಳನ್ನು ಮತ್ತೆ ಕೂಡಿದ. ತಾಯಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ರಾಯಚೂರಿಗೆ ಹೋದ. ತಾಪಕೇಂದ್ರದ ನಿಯಂತ್ರಣ ಕೊಠಡಿಗೆ ಕಿಟಕಿಗಳಿರಲಿಲ್ಲ. ಒಂದು ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಪೆಟ್ಟಿಗೆಗೊಂದು ಪುಟ್ಟ ದೀಪ. ಹೊರಗೆ ಮೂವತ್ತೇಳು ಡಿಗ್ರಿ. ಒಳಗೆ ಅಧಿಕಾರಿ ಗಿರಿಜಾ ಹಂಚಿನಾಳ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಹಾಳೆಯನ್ನು ಎರಡು ಸಲ ನೋಡಿ, ತಮ್ಮ ಪರದೆಯ ಮೇಲೆ ತಾವೂ ಒಮ್ಮೆ ಲೆಕ್ಕ ಮಾಡಿ ನೋಡಿದರು. ಪಕ್ಕದ ಎಂಟನೇ ತೂಬಿನ ಶಾಲೆಯ ಪೆಟ್ಟಿಗೆಗೆ ಭಾನುವಾರ ಸೋಮವಾರದ ಭೇದವಿರಲಿಲ್ಲ. ಅಕ್ಕಪಕ್ಕದ ಪೆಟ್ಟಿಗೆಗಳ ನಡುವೆ ಎರಡು ಡಿಗ್ರಿವರೆಗೆ ಅಂತರ ಬಂದರೆ ಯಂತ್ರ ಅದನ್ನು ಸಹಜವೆಂದೇ ಎಣಿಸುತ್ತದೆ, ಅದಕ್ಕೇ ಆರು ವರ್ಷ ಯಾವ ಎಚ್ಚರಿಕೆಯೂ ಬಂದಿಲ್ಲ ಎಂದು ವಿವರಿಸಿದರು.

“ಬಿಸಿಲಿಗೆ ವಾರ ಗೊತ್ತಿಲ್ಲ ಮಾಸ್ತರೇ. ವಾರ ಗೊತ್ತಿರೋದು ಮನುಷ್ಯರಿಗೆ. ನಿಮ್ಮ ಪೆಟ್ಟಿಗೆ ಹತ್ತಿರ ಭಾನುವಾರ ಯಾರೋ ಒಬ್ಬರು ಇರೋದಿಲ್ಲ. ಯಾರು ಅಂತ ನೋಡ್ರಿ.”

ಅವನು ಹೊರಡುವಾಗ ನಿಯಮವನ್ನೂ ಹೇಳಿದರು. ಪೆಟ್ಟಿಗೆಯ ಅಳತೆಯನ್ನು ಯಾರಾದರೂ ಕೆಡಿಸಿದ್ದು ಸಾಬೀತಾದರೆ ಆ ಪೆಟ್ಟಿಗೆಯ ಅಂಕಿಗಳನ್ನೆಲ್ಲ ತೆಗೆದುಹಾಕುತ್ತಾರೆ, ಕೆಡಿಸಿದವರನ್ನು ಆ ಜಾಗದ ಕೆಲಸದಿಂದ ಬಿಡಿಸುತ್ತಾರೆ.

ಅಮರೇಶ ಬಾಡಿಗೆಗೆ ಇದ್ದದ್ದು ಶಾಲೆಯ ಅಡುಗೆಯ ಹುಲಿಗೆಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಅರವತ್ತು ತುಂಬಲು ಒಂದೆರಡು ವರ್ಷ ಬಾಕಿಯಿದ್ದ ಆಕೆಗೆ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಗಳು ಮದುವೆಯಾಗಿ ಗಂಗಾವತಿಯಲ್ಲಿದ್ದಳು. ಎಂ.ಎಸ್ಸಿ. ಮುಗಿಸಿ, ಯಾರೊಂದಿಗೂ ಮಾತು ಬೇಡವೆನಿಸಿದ್ದ ಕಾಲದಲ್ಲಿ ಅವನು ಈ ಕ್ಯಾಂಪಿಗೆ ಬಂದಿದ್ದ. ಹುಲಿಗೆಮ್ಮ ಅವನನ್ನು ಏನನ್ನೂ ಕೇಳಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯ ಬಡಿಸುತ್ತಿದ್ದಳು, ಅವನು ಉಂಡೇಳುವವರೆಗೆ ಎದುರಿಗೆ ಕೂತಿರುತ್ತಿದ್ದಳು. ಎರಡು ವರ್ಷ ಹೀಗೆ ನಡೆದ ಮೇಲೆ ತನಗೆ ಮತ್ತೆ ಮಾತು ಬಂದಿದೆ ಎಂದು ಅವನಿಗೇ ಗೊತ್ತಾಗಿತ್ತು. ಆ ಋಣವನ್ನು ಹೇಳಿಕೊಳ್ಳಲು ಮಾತ್ರ ಇನ್ನೂ ಮಾತು ಸಿಕ್ಕಿರಲಿಲ್ಲ.

ಭಾನುವಾರ ಹುಲಿಗೆಮ್ಮ ಮನೆಯಲ್ಲೇ ಇದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಹೊಸಿಲಲ್ಲಿ ಕೂತಿದ್ದವಳನ್ನು ನೋಡುತ್ತ ನೋಡುತ್ತ ಅಮರೇಶನಿಗೆ ಏನೋ ಹೊಳೆದಂತಾಗಿ, ಹೊಳೆದದ್ದು ಬೇಡವೆನಿಸಿತು.

ಸೋಮವಾರ ಅವನು ಬಿಡುವಿನ ಅವಧಿಯಲ್ಲಿ ಕಿಟಕಿಯ ಹತ್ತಿರ ಕೂತ. ಹನ್ನೊಂದೂವರೆಗೆ ಹುಲಿಗೆಮ್ಮ ಅಕ್ಕಿ ತೊಳೆದ ನೀರಿನ ಬಕೆಟ್ಟು ಒಂದು ಕೈಯಲ್ಲಿ, ನಲ್ಲಿ ನೀರಿನದು ಇನ್ನೊಂದು ಕೈಯಲ್ಲಿ ಹಿಡಿದು ಬಂದಳು. ಸೆರಗು ಸಿಕ್ಕಿಸಿಕೊಂಡು ಬಿಳಿ ಪೆಟ್ಟಿಗೆಯ ಸುತ್ತ ಚಿಮುಕಿಸುತ್ತ ಹೋದಳು, ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕಾದ ನೆಲ ಕಪ್ಪಾಗಿ ತಣ್ಣನೆಯ ಉಸಿರು ಬಿಟ್ಟಿತು. ಊಟದ ಗಂಟೆ ಮುಗಿದ ಮೇಲೆ ಇನ್ನೊಂದು ಸಲ ಬಂದಳು. ಶನಿವಾರ ಬೆಳಗಿನ ಶಾಲೆ, ಹತ್ತಕ್ಕೆ ಒಂದೇ ಸಲ, ಅದು ಹನ್ನೆರಡರೊಳಗೆ ಅರ್ಧ ಆರಿರುತ್ತಿತ್ತು. ಇಷ್ಟು ವರ್ಷ ಅವನು ಇದನ್ನು ದಿನವೂ ನೋಡಿದ್ದ. ಹೆಡ್‌ಮಾಸ್ತರರು ನೋಡಿದ್ದರು, ಮುನ್ನೂರು ಮಕ್ಕಳು ನೋಡಿದ್ದರು. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಹೊಡೆಯುವುದನ್ನು ಯಾರು ತಾನೇ ಗಮನಿಸುತ್ತಾರೆ? ಬುಧವಾರದ ಗಾಜಿನ ತಾಪಮಾಪಕವೂ ಅದೇ ತಂಪಿನಲ್ಲಿ ತೂಗುತ್ತಿತ್ತು. ಎರಡು ಸಾಕ್ಷಿಗಳಿಗೂ ಒಂದೇ ಕೈ ನೀರು ಚಿಮುಕಿಸಿತ್ತು, ಕೆಳಗೆ ಅವನ ಸಹಿ ಇತ್ತು.

ರಾತ್ರಿಯ ಊಟದಲ್ಲಿ ಅವನು ತೀರ ಸಹಜವಾಗಿ ಕೇಳಿದ ಹಾಗೆ ಕೇಳಿದ. ಆಕೆ ಅಷ್ಟೇ ಸಹಜವಾಗಿ ಹೇಳಿದಳು. ಆರು ವರ್ಷದ ಹಿಂದೆ ಹಳೆಯದನ್ನು ತೆಗೆದು ಈ ಪೆಟ್ಟಿಗೆ ಕೂಡಿಸಲು ಬಂದಿದ್ದ ಹುಡುಗ ಇಂಜಿನಿಯರು ಊಟ ಮಾಡಿ ಹೋಗುವಾಗ ಅವಳಿಗೆ ಕೈಮುಗಿದು, ಈ ಪೆಟ್ಟಿಗೆಗೆ ಧೂಳು ಬಡಿಯಬಾರದು, ನೀನೇ ನೋಡಿಕೋ ಅವ್ವ ಎಂದಿದ್ದನಂತೆ. ಧೂಳು ಅಡಗಿಸುವುದಕ್ಕೆ ನೀರು ಬಿಟ್ಟು ಬೇರೆ ಉಪಾಯ ಯಾವುದಿದೆ? ಶಾಲೆಯಲ್ಲಿ ಇಷ್ಟು ಓದಿದವರಿದ್ದರೂ ಆ ಹುಡುಗ ತನಗೆ ಒಪ್ಪಿಸಿ ಹೋದನಲ್ಲ ಎಂಬ ಹೆಮ್ಮೆ ಅವಳ ದನಿಯಲ್ಲಿತ್ತು. ಅಮರೇಶ ರೊಟ್ಟಿ ಮುರಿದವನು ಬಾಯಿಗಿಡದೆ ಕೂತ.

ಎರಡು ದಿನ ಅವನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಹುಲಿಗೆಮ್ಮನ ಕೆಲಸ ಹೋಗುತ್ತದೆ. ಹೇಳದಿದ್ದರೆ ಗಂಟೆ ತಡವಾಗಿಯೇ ಹೊಡೆಯುತ್ತದೆ, ಯಂಕಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಇರುತ್ತಾಳೆ. ಮಾರ್ಚ್ ಬಂದಿತ್ತು. ಗದ್ದೆಗಳಲ್ಲಿ ಕಳೆಯ ಗುಂಪುಗಳು ಇಳಿಯುವ ಹೊತ್ತು. ಬುಧವಾರ ತಾಪಮಾಪಕ ಓದಿದ ಮಕ್ಕಳು ಸಹಿಗಾಗಿ ಹಾಳೆ ಮುಂದಿಟ್ಟಾಗ ಅವನ ಪೆನ್ನು ಮುಂದೆ ಹೋಗಲಿಲ್ಲ. ತಾಯಮ್ಮ ಪೆನ್ನನ್ನೇ ನೋಡುತ್ತ ನಿಂತಿದ್ದಳು. ಐತವಾರದ್ದು ಏನಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಅವತ್ತು ಸಂಜೆ ಅವನು ಅಡುಗೆಮನೆಗೆ ಹೋಗಿ ಹುಲಿಗೆಮ್ಮನ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ನಿಯಮವನ್ನೂ ಬಿಡದೆ ಹೇಳಿದ. ಅವಳು ಹೆಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿಹಾಕಲು ಮರೆತಳು. ಅದು ಸೀದು ವಾಸನೆ ಬಂದ ಮೇಲೆ ತೆಗೆದು ಪಕ್ಕಕ್ಕಿಟ್ಟಳು.

“ಯಂಕಿ ಬಿದ್ದಿದ್ದು ನನ್ನ ನೀರಿನಿಂದೇನು ಯಪ್ಪಾ?”

ಗೊತ್ತಿಲ್ಲ ಎಂದ ಅವನು. ಹಾಗಿರಬಹುದು, ಹಾಗಿಲ್ಲದೆಯೂ ಇರಬಹುದು, ನೋಡದೆ ಹೇಳುವಂತಿಲ್ಲ.

“ಹಂಗಾರ ನೋಡು. ನನ್ನ ಮಾರಿ ನೋಡಿ ಬಿಡಬ್ಯಾಡ.”

ನೋಡುವುದು ಹೇಗೆಂದು ಮಾರನೆಯ ದಿನ ತರಗತಿ ನಿರ್ಧರಿಸಿತು. ಒಂದು ದಿನ ನೀರು ಹಾಕಿ ಒಂದು ದಿನ ಬಿಟ್ಟರಾಯಿತು ಎಂದ ಖಾಜಾಹುಸೇನ. ಯಾವ ದಿನ ಹಾಕಬೇಕೆಂದು ನಾವೇ ಆರಿಸಿದರೆ, ಸೆಕೆ ಹೆಚ್ಚಿದ್ದ ದಿನ ನಮಗೇ ಗೊತ್ತಿಲ್ಲದೆ ಹಾಕು ಎಂದುಬಿಡುತ್ತೇವೆ, ಆಗ ಉತ್ತರ ನಮ್ಮ ಕೈಯಿಂದ ಬಂದದ್ದಾಗುತ್ತದೆ, ಬಿಸಿಲಿನಿಂದ ಬಂದದ್ದಲ್ಲ ಎಂದು ಅಮರೇಶ ವಿವರಿಸಿದ. ಹಾಗಾದರೆ ಚೌಕಾಬಾರಾದ ಹುಣಸೆ ಪಿಕ್ಕ ಹಾಕೋಣ ಎಂದಳು ತಾಯಮ್ಮ. ಒಂದು ಮಗ್ಗುಲು ತಿಕ್ಕಿ ಬಿಳಿ ಮಾಡಿದ ಹುಣಸೆ ಬೀಜ. ಬಿಳಿ ಬಿದ್ದರೆ ನೀರು, ಕಪ್ಪು ಬಿದ್ದರೆ ಇಲ್ಲ. ಪಿಕ್ಕ ಎಸೆಯುವ ಕೆಲಸ ಹುಲಿಗೆಮ್ಮನಿಗೇ ಬಂತು.

ಇಪ್ಪತ್ತೆರಡು ಶಾಲಾ ದಿನ ಹೀಗೆ ನಡೆಯಿತು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹುಲಿಗೆಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಪಿಕ್ಕ ಎಸೆಯುತ್ತಿದ್ದಳು, ಮಕ್ಕಳು ಸುತ್ತ ಬಗ್ಗಿ ನೋಡುತ್ತಿದ್ದರು. ಸತತ ನಾಲ್ಕು ದಿನ ಕಪ್ಪು ಬಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. ಬಕೆಟ್ಟು ಎತ್ತಿಕೊಂಡು ಅರ್ಧ ದಾರಿ ಹೋದವಳನ್ನು ತರಗತಿಯ ಹುಡುಗಿಯರು ಕೈಹಿಡಿದು ಕರೆತಂದರು. ಪೆಟ್ಟಿಗೆಯ ಸುತ್ತ ಧೂಳು ಏಳುವುದನ್ನು ನೋಡುತ್ತ, ತನ್ನ ಕೂಸನ್ನು ಬಿಸಿಲಲ್ಲಿ ನಿಲ್ಲಿಸಿದವಳ ಹಾಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಕ್ಕಳು ದಿನಾ ಮಧ್ಯಾಹ್ನ ಎಂಟನೇ ತೂಬಿನ ಶಾಲೆಗೆ ಫೋನು ಮಾಡಿ ಅಲ್ಲಿನ ಅಂಕಿ ಕೇಳಿ, ತಮ್ಮದರ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಕಪ್ಪು ಬಿದ್ದ ಹತ್ತು ದಿನ ಎರಡೂ ಶಾಲೆಯ ತಾಪ ಒಂದೇ. ಬಿಳಿ ಬಿದ್ದ ಹನ್ನೆರಡು ದಿನ ಇವರದು ಒಂದು ಪಾಯಿಂಟ್ ಆರು ಡಿಗ್ರಿ ಕಡಿಮೆ.

ಆ ಹಾಳೆಗೆ ಅಮರೇಶ ಸಹಿ ಹಾಕಿದ. ಜೊತೆಗೆ ಇಷ್ಟು ವರ್ಷ ತಾನು ಏನನ್ನು ಗಮನಿಸಿರಲಿಲ್ಲ ಎಂದು ಒಂದು ಪುಟ ಬರೆದು, ತಾಯಮ್ಮನನ್ನೂ ಹುಲಿಗೆಮ್ಮನನ್ನೂ ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದ. ತಾಯಮ್ಮನ ಚೀಲ ಅವಳ ಪುಸ್ತಕಗಳಿಗಿಂತ ಭಾರವಾಗಿತ್ತು. ಏನದು ಎಂದು ಕೇಳಿದ್ದಕ್ಕೆ, ಹೆಡ್‌ಮಾಸ್ತರರು ಕೊಟ್ಟದ್ದು ಎಂದಳು, ಅಷ್ಟೇ.

ನಿಯಂತ್ರಣ ಕೊಠಡಿಯ ಚಳಿಗೆ ಹುಲಿಗೆಮ್ಮ ಸೆರಗು ಹೊದ್ದುಕೊಂಡು ಗೋಡೆಗೆ ಒತ್ತಿ ನಿಂತಳು. ಕೂಡ್ರಿ ಎಂದರೂ ಕೂಡಲಿಲ್ಲ. ಗಿರಿಜಾ ಮೇಡಂ ಹಾಳೆಗಳನ್ನು ಓದಿ ಮುಗಿಸಿ ಕನ್ನಡಕ ತೆಗೆದರು. ಮಕ್ಕಳ ಪರೀಕ್ಷೆ ಸರಿಯಾಗಿದೆ, ತಮ್ಮ ಕೇಂದ್ರದವರು ಮಾಡಿದ್ದರೂ ಹೀಗೆಯೇ ಮಾಡುತ್ತಿದ್ದರು ಎಂದರು. ಇನ್ನು ಮುಂದೆ ನೀರು ನಿಂತರೆ ಗಂಟೆ ಸರಿಯಾಗುತ್ತದೆ. ಆದರೆ ಹಳೆಯ ಆರು ವರ್ಷದ ಅಂಕಿಗಳನ್ನು ಅಳಿಸಲೇಬೇಕು. ಕೆಟ್ಟಿದೆ ಎಂದು ಗೊತ್ತಾದ ಅಂಕಿಯ ಮೇಲೆ ಯಾವ ವರದಿಯನ್ನೂ ತಿದ್ದಲು ಬರುವುದಿಲ್ಲ. ಏಪ್ರಿಲ್ ಆರರ ಜಾಗದಲ್ಲಿ ‘ಮಾಹಿತಿ ಇಲ್ಲ’ ಎಂದಾಗುತ್ತದೆ.

ಮಾಹಿತಿ ಇಲ್ಲ ಎಂದರೆ ಯಂಕಮ್ಮನ ಪಾಲಿಗೆ ಏನೂ ಬದಲಾಗುವುದಿಲ್ಲ. ಬಿಸಿಲಿತ್ತು ಎಂದು ಯಾರೂ ಹೇಳಿದ ಹಾಗಾಗುವುದಿಲ್ಲ. ಅಷ್ಟರಲ್ಲಿ ತಾಯಮ್ಮ ಚೀಲದಿಂದ ಆರು ಹಾಜರಿ ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅಡುಗೆಯವರ ಹಾಜರಿ. ಪುಟದ ಮೇಲೆ ಪುಟ, ಹುಲಿಗೆಮ್ಮನ ಹೆಬ್ಬೆಟ್ಟು.

“ಹುಲಿಗೆಮ್ಮಾಯಿ ಬಂದ ದಿನ ನೀರು ಬಿದ್ದೈತ್ರಿ ಮೇಡಂ. ಬರದ ದಿನ ಬಿದ್ದಿಲ್ಲ. ಆರು ವರ್ಷದಾಗ ಈ ಎಪ್ಪತ್ತು ದಿನದ ಲೆಕ್ಕದೊಳಗ ಆಯಿ ತಪ್ಪಿಸಿದ್ದು ನಾಕ ದಿನ. ಮಗಳ ಬಾಣಂತನಕ್ಕ ಗಂಗಾವತಿಗೆ ಹೋಗಿದ್ಳು. ಆ ನಾಕ ದಿನದ ತಾಪ ನೋಡ್ರಿ.”

ಗಿರಿಜಾ ಮೇಡಂ ಪರದೆಯತ್ತ ತಿರುಗಿದರು. ನಾಲ್ಕೂ ಶಾಲೆಯಿದ್ದ ದಿನಗಳು, ಸೋಮವಾರದಿಂದ ಗುರುವಾರ. ನಾಲ್ಕೂ ಭಾನುವಾರಗಳಂತೆ ಉರಿದಿದ್ದವು. ಅವರು ಒಂದೊಂದೇ ಹಾಜರಿ ಪುಸ್ತಕ ತೆರೆದು, ಬೆರಳಿಟ್ಟುಕೊಂಡು, ಪರದೆ ನೋಡುತ್ತ, ಮತ್ತೆ ಪುಸ್ತಕ ನೋಡುತ್ತ ಬಹಳ ಹೊತ್ತು ಕಳೆದರು.

“ಮನಸ್ಸು ಬಂದಾಗ ಹಾಕಿ, ಬ್ಯಾಸರಾದಾಗ ಬಿಟ್ಟಿದ್ರೆ ಏನೂ ಮಾಡೋಕೆ ಬರ್ತಿರಲಿಲ್ಲ,” ಎಂದರು ಕೊನೆಗೆ, ಅಮರೇಶನಿಗಲ್ಲ, ಗೋಡೆಗೆ ಒತ್ತಿ ನಿಂತವಳಿಗೆ. “ನೀವು ಬಂದ ಒಂದು ದಿನಾನೂ ನೀರು ಬಿಟ್ಟಿಲ್ಲ ಅಮ್ಮಾ. ಬರದ ನಾಲ್ಕು ದಿನ ಹಾಜರಿ ಖಾಲಿ ಇಟ್ಟೀರಿ. ಹಿಂಗಿದ್ರೆ ಕಳೆದುಹೋದ ಒಂದೂವರೆ ಡಿಗ್ರಿ ತಿರುಗಿ ಸೇರಿಸಬಹುದು.”

ಹುಲಿಗೆಮ್ಮನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ತನ್ನ ಹೆಸರು ಬರೆದುಕೊಳ್ಳಬೇಕು, ಕೆಲಸದಿಂದ ತೆಗೆಯುವುದಿದ್ದರೆ ತೆಗೆಯಲಿ, ಮಾಸ್ತರರ ಮೇಲೆ ಹಾಕಬಾರದು ಎಂದು ಕೇಳಿಕೊಂಡಳು. ಗಿರಿಜಾ ಮೇಡಂ ಬರೆದುಕೊಂಡರು. ತಿದ್ದುಪಡಿಯ ಆಧಾರ ಎಂಬಲ್ಲಿ ಬರೆದರು: ಅಡುಗೆ ಸಿಬ್ಬಂದಿ ಹುಲಿಗೆಮ್ಮ ಅವರ ಆರು ವರ್ಷದ ಹಾಜರಿ. ಕೆಡಿಸಿದವರು ಎಂಬ ಕಾಲಂನಲ್ಲಿ ಕೇಂದ್ರದ ಹೆಸರನ್ನೇ ಹಾಕಿದರು. ಪೆಟ್ಟಿಗೆ ಒಪ್ಪಿಸಿ ಹೋದವರು ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಸರಿಯಾಗಿ ಹೇಳಿರಲಿಲ್ಲ ಎಂದು ಬರೆದು ಕೆಳಗೆ ಸಹಿ ಮಾಡಿದರು.

ತಿದ್ದಿದ ವರದಿ ಬಂದದ್ದು ಹನ್ನೆರಡು ದಿನದ ಮೇಲೆ. ಕಳೆದ ವರ್ಷದ ಏಪ್ರಿಲ್ ಆರರಂದು ತಾಪ ಮಿತಿ ದಾಟಿದ್ದ ಹೊತ್ತು ಹನ್ನೊಂದೂ ನಲವತ್ತೊಂದು. ಯಂಕಮ್ಮ ಬೀಳುವಾಗ ಗಂಟೆ ಹೊಡೆದು ಇಪ್ಪತ್ತನಾಲ್ಕು ನಿಮಿಷ ಆಗಿರಬೇಕಿತ್ತು.

ಅಮರೇಶ ಆ ಕಾಗದವನ್ನು ತಾನೇ ಯಂಕಮ್ಮನ ಮನೆಗೆ ಒಯ್ದ. ತಾಯಮ್ಮ ಓದಿದಳು, ಅವಳ ಅವ್ವ ಮೆಣಸಿನಕಾಯಿಯ ರಾಶಿಯಿಂದ ಕೈ ತೆಗೆಯದೆ ಕೇಳಿದಳು. ಓದಿ ಮುಗಿದ ಮೇಲೆ ಅಮರೇಶ, ಹಿಂದಿನ ವರ್ಷ ತಾನು ಯಂಕಮ್ಮನ ಮಾತನ್ನು ತೆಗೆದುಹಾಕಿದ್ದು ತಪ್ಪು ಎಂದ. ಮೈ ಹೇಳಿದ್ದನ್ನೂ ಬರೆದಿಟ್ಟುಕೊಂಡು ಹುಡುಕಬೇಕಿತ್ತು, ಹುಡುಕಿದ್ದು ನಿಮ್ಮ ಮಗಳು ಎಂದ. ಯಂಕಮ್ಮ ಕೈ ತೊಳೆದುಕೊಂಡು, ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಹುಲಿಗೆಮ್ಮಕ್ಕ ಮನೆಯಲ್ಲಿದ್ದಾಳೇನು ಎಂದು ಕೇಳಿದಳು.

ಅಮರೇಶ ಹಿಂದೆಯೇ ಹೋದ. ಅವನಿಗೆ ಒಳಗೊಳಗೇ ಹೆದರಿಕೆ. ಹುಲಿಗೆಮ್ಮನಿಗೆ ಅವಳು ಬರುವುದು ದೂರದಿಂದಲೇ ಕಂಡಿರಬೇಕು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಒಂದು ವರ್ಷದ ಮಾತು ಕೇಳುವುದಕ್ಕೆ ತಯಾರಾಗಿ ನಿಂತ ಹಾಗೆ. ಯಂಕಮ್ಮ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

“ದಿನಾ ತಪ್ಪದಂಗ ಹಾಕಿದ್ಯಲ್ಲ ಅಕ್ಕಾ, ಅದಕ್ಕ ನನ್ನ ಮಾತು ಉಳೀತು.”

ಹುಲಿಗೆಮ್ಮ ಅಳಲಿಲ್ಲ. ಒಳಗೆ ಬಾ ಎಂದಳು. ಇಬ್ಬರೂ ಒಳಗೆ ಹೋದರು. ಅಮರೇಶ ಹೊರಗಿನ ಕಟ್ಟೆಯ ಮೇಲೆ ಕೂತ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತು, ನಡುನಡುವೆ ಇಬ್ಬರದೂ ಸಣ್ಣ ದನಿಯ ಮಾತು. ಅವನು ಈ ಕ್ಯಾಂಪಿಗೆ ಬಂದಾಗ ತನ್ನೊಡನೆ ತಂದಿದ್ದ ಮೌನ ಬೇರೆ, ಈಗ ಕೂತಿರುವ ಮೌನ ಬೇರೆ ಎನಿಸಿತು. ಇದರೊಳಗೆ ಯಾರಿಗೆಲ್ಲ ಕೈಮುಗಿಯಬೇಕೆಂದು ಎಣಿಸಿದರೆ ಮುಗಿಯುವಂತಿರಲಿಲ್ಲ. ಕೇಳಿದ ಹುಡುಗಿಗೆ, ಬಿದ್ದೂ ತನ್ನ ಮಾತನ್ನು ಬಿಡದ ಅವಳ ಅವ್ವನಿಗೆ, ತಪ್ಪನ್ನೂ ನಿಷ್ಠೆಯಿಂದ ಮಾಡಿದ ಈ ಮುದುಕಿಗೆ. ಹುಲಿಗೆಮ್ಮ ಊಟಕ್ಕೆ ಕರೆದಾಗ ಅವನು ಬಾಗಿಲ ಹತ್ತಿರ ನಿಂತು, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಋಣದ ಮಾತನ್ನು ಹೇಳಿದ. “ಇರ್ಲಿ ಬಾ, ಆರತೈತಿ,” ಎಂದಳು ಅವಳು, ಆದರೆ ಆ ದಿನ ತುಪ್ಪವನ್ನು ಎರಡು ಸಲ ಬಡಿಸಿದಳು.

ದ್ಯಾವಪ್ಪ ಮೇಸ್ತ್ರಿ ಕಾಗದ ಓದಿಸಿಕೊಂಡು, ಸರ್ಕಾರವೇ ಹೇಳಿದ ಮೇಲೆ ನನ್ನದೇನಿದೆ ಎಂದು ಗೊಣಗಿ, ಮಾರನೆಯ ಬೆಳಗ್ಗೆ ಆರಕ್ಕೆ ಯಂಕಮ್ಮನ ಬಾಗಿಲಲ್ಲಿ ನಿಂತು ಕೂಗಿದ. ಏಪ್ರಿಲ್ ಎರಡನೇ ವಾರ, ಕೊನೆಯ ಕಳೆ. ಶಾಲೆಯ ಕೊನೆಯ ದಿನವೂ ಅದೇ ಆಗಿತ್ತು. ಅಮರೇಶ ತರಗತಿಯನ್ನು ಗದ್ದೆಯ ಒಡ್ಡಿನ ಬೇವಿನ ನೆರಳಿಗೆ ಕರೆತಂದ. ಈ ಸಲದ ಪುಸ್ತಕದಲ್ಲಿ ಮಕ್ಕಳು ಒಂದು ಹೊಸ ಕಾಲಂ ಎಳೆದಿದ್ದರು, ಅದರ ತಲೆಬರಹ ‘ಮೈ ಹೇಳಿದ್ದು’. ಪ್ರತಿ ಅರ್ಧ ಗಂಟೆಗೆ ಗುಂಪಿನ ಒಬ್ಬೊಬ್ಬ ಹೆಂಗಸನ್ನು ಕೇಳಿ ಬರೆಯುವುದು. ತಲೆಭಾರ, ಬಾಯಿ ಆರಿದೆ, ಏನಿಲ್ಲ, ಮಾತಾಡಿಸಬ್ಯಾಡ್ರಿ ಹೋಗ್ರಿ ಎಂದೆಲ್ಲ ಉತ್ತರ ಬಂದಿತ್ತು. ಎಲ್ಲವನ್ನೂ ಬರೆದರು.

ಹನ್ನೊಂದೂ ಮೂವತ್ತನಾಲ್ಕಕ್ಕೆ ಯಂಕಮ್ಮ ಕೆಸರಿನಲ್ಲಿ ನೆಟ್ಟಗೆ ನಿಂತಳು. ಒಂದು ಕ್ಷಣ ಕಣ್ಣು ಮುಚ್ಚಿ ತನ್ನೊಳಗೆ ಏನನ್ನೋ ಕೇಳಿಸಿಕೊಂಡಂತೆ ಇದ್ದಳು. ಕಂಬದ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಕಳೆಯ ಕಂತೆಯನ್ನು ಒಡ್ಡಿನ ಮೇಲೆ ಎಸೆದು, ಸೀರೆಯ ಅಂಚು ಹಿಂಡಿಕೊಂಡು, ನೀರಿನಿಂದ ಕಾಲೆತ್ತಿ ನೆರಳಿನ ಕಡೆ ನಡೆದಳು. ದ್ಯಾವಪ್ಪ ಬಾಯಿ ತೆರೆದವನು ಮಕ್ಕಳ ಕೈಯ ಪುಸ್ತಕ ನೋಡಿ ಬಾಯಿ ಮುಚ್ಚಿದ. ಯಂಕಮ್ಮನ ಪಕ್ಕದವಳು ನಿಂತಳು. ಅವಳ ಹಿಂದಿನವಳೂ ನಿಂತಳು. ಒಬ್ಬೊಬ್ಬರಾಗಿ ಹದಿನೆಂಟು ಹೆಂಗಸರು ಸಾಲು ಮುರಿದು ಬಂದು ಬೇವಿನ ಕೆಳಗೆ ಕೂತರು, ಮಕ್ಕಳು ಸರಿದು ಜಾಗ ಕೊಟ್ಟರು, ತಂಬಿಗೆಯ ಮಜ್ಜಿಗೆ ಕೈಯಿಂದ ಕೈಗೆ ಹೋಯಿತು.

ತಾಯಮ್ಮ ಹೊತ್ತು ನೋಡಿ ಹೊಸ ಕಾಲಂನಲ್ಲಿ ಅವ್ವನ ಹೆಸರು ಬರೆದಳು. ಮಜ್ಜಿಗೆಯ ತಂಬಿಗೆ ಇನ್ನೂ ಕೊನೆಯವಳನ್ನು ತಲುಪಿರಲಿಲ್ಲ. ಗಂಟೆ ಹೊಡೆಯಿತು. ಗದ್ದೆಯಲ್ಲಿ ಯಾರೂ ಇರಲಿಲ್ಲ.